ಫ್ಯಾನಿನ ಧಣಿ

ಚಿತ್ತಪ್ಪನ ಹೆಣದ ಮೈಮೇಲೆ ಅಂಗಿ ಇರಲಿಲ್ಲ.

ಬೆಳಿಗ್ಗೆ ಪಾಲಮ್ಮನೇ ಕೊಡವಿ ಕೊಟ್ಟಿದ್ದ ನೀಲಿ ಅಂಗಿ ಅದು. ಜೇಬಿನ ಮೇಲೆ ಕೆಂಪು ದಾರದಲ್ಲಿ ಕಂಪನಿಯ ಹೆಸರು ಹೊಲಿದಿದ್ದರು. ಕೊರಳಲ್ಲಿ ಫೋಟೋ ಇರುವ ಕಾರ್ಡು. ಎರಡನ್ನೂ ಹಾಕಿಕೊಂಡು, ಬುತ್ತಿ ಹಿಡಿದು ಕರಿಗುಡ್ಡ ಹತ್ತಿ ಹೋಗಿದ್ದ ಗಂಡ. ಸುದ್ದಿ ಕೇಳಿ ಅವಳು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಾಗ, ಕರೆಂಟು ತೆಗೆಯುವ ಗಾಳಿ ಫ್ಯಾನಿನ ಬುಡದಲ್ಲಿ ಅವನನ್ನು ಬರೀ ಬನಿಯನ್ನಿನಲ್ಲಿ ಮಲಗಿಸಿದ್ದರು. ಅಂಗಿ ಇಲ್ಲ. ಕಾರ್ಡಿಲ್ಲ. ಪಕ್ಕದಲ್ಲಿ ಸುರುಳಿ ಸುತ್ತಿದ ತಾಮ್ರದ ಕೇಬಲ್ಲು ಬಿದ್ದಿತ್ತು.

"ಅಂಗಿ ಎಲ್ಲೈತೆ?"

ಅಳುವುದಕ್ಕೂ ಮೊದಲು ಅವಳ ಬಾಯಿಂದ ಬಂದ ಮಾತು ಇದು.

ಸೂಪರ್‌ವೈಸರ್ ನಾಗರಾಜ್ ಫೋನು ಕಿವಿಗೆ ಹಿಡಿದು ಅತ್ತ ತಿರುಗಿದ. ಗೇಟು ಕಾಯುವ ಬೋರಣ್ಣ ನೆಲ ನೋಡಿದ. ಸತ್ತವನ ಮೈಯಿಂದ ಅಂಗಿ ಬಿಚ್ಚುವುದೇನು ಸಣ್ಣ ಕೆಲಸವಲ್ಲ. ಹೆಣವನ್ನು ಎತ್ತಿ ಕೂರಿಸಬೇಕು. ಜೋಲುವ ತಲೆಯನ್ನು ಒಬ್ಬ ಹಿಡಿಯಬೇಕು. ತೋಳನ್ನು ಮತ್ತೊಬ್ಬ ಹಿಂದಕ್ಕೆ ಎಳೆಯಬೇಕು. ಇಷ್ಟೆಲ್ಲ ಕಷ್ಟಪಟ್ಟವರು ಅಷ್ಟೇ ಹೊತ್ತಿನಲ್ಲಿ ಅವನನ್ನು ಜೀಪಿಗೆ ಹಾಕಿ ಆಸ್ಪತ್ರೆಯ ದಾರಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ.

ಪೊಲೀಸರ ಕಾಗದದಲ್ಲಿ ಬಂದದ್ದು ಒಂದೇ ಸಾಲು. ಕುರಿಗಾಹಿ ಚಿತ್ತಪ್ಪ ಎಂಬಾತ ತಾಮ್ರದ ಕೇಬಲ್ ಕಳವು ಮಾಡುವ ಉದ್ದೇಶದಿಂದ ಗೋಪುರದೊಳಗೆ ಅಕ್ರಮವಾಗಿ ಪ್ರವೇಶಿಸಿ, ಏಣಿಯಿಂದ ಕಾಲು ಜಾರಿ ಬಿದ್ದು ಮೃತಪಟ್ಟಿರುತ್ತಾನೆ. ಬರೆದವರಿಗೆ ಒಂದು ಸಾಲು. ಪಾಲಮ್ಮನಿಗೆ ಗಂಡ ಎರಡನೇ ಸಲ ಸತ್ತ.

ನಿಜ ಏನೆಂದು ಬೋರಣ್ಣ ಮೆಲ್ಲಗೆ ಹೇಳಿದ್ದ. ಹೆಣ ಇಳಿಸಿಕೊಂಡು ಬರುವಾಗ ದಾರಿಯಲ್ಲಿ, ಅವಳ ಪಕ್ಕ ನಡೆಯುತ್ತ, ಮುಖ ನೋಡದೆ.

"ಪಾಲಕ್ಕ, ಲಿಫ್ಟ್ ಕೆಟ್ಟಿತ್ತು. ಮೇಲಿದ್ದ ಮೆಕ್ಯಾನಿಕ್‌ಗಳು ಎಣ್ಣೆ ಕ್ಯಾನು ಹೊತ್ಕಂಡು ಏಣಿ ಹತ್ತಿ ಬಾ ಅಂದ್ರು. ಬೆಲ್ಟು ಗಿಲ್ಟು ಏನೂ ಕೊಡ್ಲಿಲ್ಲ. ನಾನು ಹೇಳ್ದೆ ಅಂತ ಎಲ್ಲೂ ಬಾಯಿ ಬಿಡಬ್ಯಾಡ. ನಂಗೂ ಮಕ್ಳವೆ."

ಅವಳಿಗೇನು ಗೊತ್ತಿರಲಿಲ್ಲವೇ? ಹೆಸರಿಗೆ ಕಾವಲು. ಮಾಡುತ್ತಿದ್ದುದು ಕತ್ತೆ ಚಾಕರಿ. ಫ್ಯಾನು ಹೊತ್ತ ಆ ಕಬ್ಬಿಣದ ಕೊಳವೆಯೊಳಗೆ ಗಾಳಿಯಿಲ್ಲ, ಬೆಳಕಿಲ್ಲ. ಬೇಸಿಗೆಯಲ್ಲಿ ಕಾದ ಹಂಚಿನಂತೆ ಸುಡುತ್ತದೆ. ಬೆನ್ನಿಗೆ ಕ್ಯಾನು ಕಟ್ಟಿಕೊಂಡು ನೇರ ಏಣಿ ಹತ್ತಬೇಕು. ಸೋರಿದ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸುತ್ತ ಇಳಿಯಬೇಕು. ಚಿತ್ತಪ್ಪನ ಎರಡೂ ಹೆಗಲು ಹುಣ್ಣಾಗಿದ್ದವು. ಪಾಲಮ್ಮ ಹರಳೆಣ್ಣೆ ಹಚ್ಚುವಾಗ ಅವನು ಹಲ್ಲು ಕಚ್ಚಿ, "ಕುರಿ ಕಾಯೋದೇ ಸುಖ ಕಣೇ," ಎನ್ನುತ್ತಿದ್ದ. ಆದರೆ ಕುರಿ ಮೇಯಿಸುತ್ತಿದ್ದ ಗುಡ್ಡಕ್ಕೇ ಬೇಲಿ ಬಿದ್ದಿತ್ತು. ಬೇಲಿ ಹಾಕಿದವರೇ ಕೆಲಸ ಕೊಟ್ಟಿದ್ದರು. ಅದು ಅವರ ದೊಡ್ಡ ಮನಸ್ಸು.

ಅವರಿಗೆ ಮಕ್ಕಳಿರಲಿಲ್ಲ. ಹಟ್ಟಿಯಲ್ಲಿ ಉಳಿದ ಕುರಿಗಳ ಜೊತೆ ಅವಳು, ಗುಡ್ಡದ ಮೇಲೆ ಅವನು. ಸಂಜೆ ಕೆಲಸ ಮುಗಿದರೆ ಚಿತ್ತಪ್ಪ ಒಂದು ಕಲ್ಲು ತಗೊಂಡು ಆ ಪೊಳ್ಳು ಕಂಬಕ್ಕೆ ಬಡಿಯುತ್ತಿದ್ದ. ಠಣ್ ಎಂದು ಕೆಳಗಿನ ಹಟ್ಟಿಯವರೆಗೂ ಕೇಳುತ್ತಿತ್ತು. ಆ ಸದ್ದು ಕೇಳಿದ ಮೇಲೆಯೇ ಅವಳು ಮುದ್ದೆಗೆ ಎಸರಿಡುತ್ತಿದ್ದಳು. ಅವನು ಬಾಗಿಲಿಗೆ ಬರುವಾಗ ಮುದ್ದೆ ಬಿಸಿ ಇರುತ್ತಿತ್ತು. ಗಂಡ ಹೋದ ಮೇಲೆ ಎಸರಿಡುವ ಹೊತ್ತು ಯಾವುದೆಂದು ಅವಳಿಗೆ ತಿಳಿಯದಾಯಿತು. ಎಷ್ಟೋ ದಿನ ಒಲೆ ಹಚ್ಚಲೇ ಇಲ್ಲ.

ಆ ಹಟ್ಟಿಯಲ್ಲಿ ಸತ್ತವರಿಗೆ ಬಾರೆ ಹಣ್ಣಿನ ಗಿಡಗಳ ಕೆಳಗೆ ಒಂದೊಂದು ಕಲ್ಲು ನಿಲ್ಲಿಸುತ್ತಾರೆ. ಅಪ್ಪನ ಕಲ್ಲಿನ ಪಕ್ಕ ಮಗನದು, ಅವನ ಪಕ್ಕ ಮೊಮ್ಮಗನದು. ವರ್ಷಕ್ಕೊಮ್ಮೆ ಹಾಲು ಹೊಯ್ಯುತ್ತಾರೆ. ಚಿತ್ತಪ್ಪನನ್ನು ಮಣ್ಣು ಮಾಡಿದ್ದೇನೋ ಸರಿ, ಕಲ್ಲು ನಿಲ್ಲಿಸುವ ಮಾತು ಬಂದಾಗ ಹಟ್ಟಿಯ ಹಿರಿಯ ಕಾಟಲಿಂಗಪ್ಪ ಕಟ್ಟೆಯ ಮೇಲೆ ಕೂತು ತಲೆಯಾಡಿಸಿದ. ಅವನು ಚಿತ್ತಪ್ಪನಿಗೆ ದೊಡ್ಡಪ್ಪನ ಮಗ.

"ನೋಡವ್ವ, ಸರ್ಕಾರದ ಕಾಗದದಾಗೆ ಕಳ್ಳ ಅಂತ ಬರ್ದೈತೆ. ಕಳ್ಳನ ಕಲ್ಲು ಹಿರೇರ ಸಾಲಿನಾಗೆ ನಿಲ್ಸಿದ್ರೆ ಬ್ಯಾರೆ ಹಟ್ಟಿಯೋರು ನಮ್ಮ ಮಕಕ್ಕೆ ಉಗೀತಾರೆ."

"ಭಾವ, ಅವ್ನು ಕಳ್ಳ ಅಲ್ಲ ಅಂತ ನಿಮಗೆ ಗೊತ್ತಿಲ್ವಾ?"

"ನಂಗೆ ಗೊತ್ತು. ನಂಗೆ ಗೊತ್ತಿದ್ರೆ ಆತಾ? ಆ ಫ್ಯಾನಿನ ಧಣಿ ಬರ್ಲಿ. ಈ ಕಟ್ಟೆ ಮುಂದೆ ನಿಂತು, ಇವ್ನು ನಮ್ಮಾಳು, ನಮ್ಮ ಕೆಲ್ಸ ಮಾಡ್ತಾ ಸತ್ತ ಅಂತ ಒಂದು ಮಾತು ಹೇಳ್ಲಿ. ಅವತ್ತೇ ಕಲ್ಲು ನಿಲ್ಸಾಣ."

ಇದು ಹಟ್ಟಿಯ ನ್ಯಾಯ. ಒಬ್ಬ ಕಾಯುವ ಮಂದೆಯಲ್ಲಿ ಹತ್ತು ಮನೆಯ ಕುರಿ ಇರುತ್ತವೆ. ಕಿವಿಯಲ್ಲಿ ಬೇರೆ ಬೇರೆ ಗುರುತು ಕೊಯ್ದಿರುತ್ತಾರೆ. ಆದರೆ ಮಂದೆ ಯಾರದೋ ಹೊಲಕ್ಕೆ ನುಗ್ಗಿ ಬೆಳೆ ಮೇಯ್ದರೆ, ಯಾವ ಕುರಿ ಮೇಯಿತು ಎಂದು ಯಾರೂ ಕಿವಿ ನೋಡುತ್ತ ಕೂರುವುದಿಲ್ಲ. ಮಂದೆಯಲ್ಲಿ ಕುರಿ ಇದ್ದವರೆಲ್ಲ ಕಟ್ಟೆಗೆ ಬಂದು ಕಂಬಳಿಯ ಮೇಲೆ ಕೂತು ತಪ್ಪು ಒಪ್ಪಬೇಕು. ಒಂದೇ ಕುರಿ ಇದ್ದವನೂ ಬರಬೇಕು. ನಂದು ಮೇಯ್ದಿಲ್ಲ ಎಂದು ಮನೆಯಲ್ಲಿ ಕೂತವನನ್ನು ಹಟ್ಟಿ ಮನುಷ್ಯ ಎಂದೇ ಎಣಿಸುವುದಿಲ್ಲ.

ಹಾಗೆ ಪಾಲಮ್ಮ ಧಣಿಯನ್ನು ಹುಡುಕಲು ಹೊರಟಳು. ಮನೆಯಲ್ಲಿ ಉಳಿದಿದ್ದ ಇನ್ನೊಂದು ನೀಲಿ ಅಂಗಿಯನ್ನು ಚೀಲದಲ್ಲಿ ಮಡಚಿ ಇಟ್ಟುಕೊಂಡಳು. ಧಣಿ ಎಂದರೆ ಎಲ್ಲೋ ಒಂದು ಕಡೆ ಕುರ್ಚಿಯ ಮೇಲೆ ಕೂತಿರುತ್ತಾನೆ, ಹೋಗಿ ಕೈ ಮುಗಿದು ಕೇಳಿದರೆ ಬರುತ್ತಾನೆ ಎಂದು ಅವಳ ಲೆಕ್ಕ. ಎಂಥ ಹುಚ್ಚಿ!

ಅಂಗಿಯ ಮೇಲಿದ್ದ ಹೆಸರು ಶುಭಹಸ್ತ ಮ್ಯಾನ್‌ಪವರ್. ಹೊಸದುರ್ಗದಲ್ಲಿ ಮೊಬೈಲ್ ಅಂಗಡಿಯ ಮೇಲೆ ಅವರ ಆಫೀಸು. ಅಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ, "ಇವ್ರನ್ನ ಹೋದ ತಿಂಗಳೇ ಕೆಲಸದಿಂದ ತೆಗೆದಿದ್ದೀವಿ," ಎಂದಳು. ಸತ್ತ ಮೇಲೆ ಹಿಂದಿನ ತಾರೀಕು ಹಾಕಿ ತೆಗೆದದ್ದು ಎಂದು ಅವಳ ಮುಖವೇ ಹೇಳುತ್ತಿತ್ತು. "ನಾವು ಬರೀ ಜನ ಕಳಿಸ್ತೀವಿ. ಕೆಲಸ ಮಾಡಿಸ್ಕಂಡೋರು ರೋಟವೇಲ್ ಸರ್ವಿಸಸ್‌ನೋರು. ದುರ್ಗಕ್ಕೆ ಹೋಗ್ರಿ."

ದುರ್ಗದಲ್ಲಿ, ಹೈವೇ ಪಕ್ಕದ ಗಾಜಿನ ಕಟ್ಟಡದಲ್ಲಿ ರೋಟವೇಲ್‌ನವರು ಅವಳನ್ನು ಬಾಗಿಲಿಂದ ಒಳಗೇ ಬಿಡಲಿಲ್ಲ. ಬಿಸಿಲಿನಲ್ಲಿ ಮೆಟ್ಟಿಲ ಮೇಲೆ ಕೂತಳು. ಒಬ್ಬ ಊಟ ಮುಗಿಸಿ ಹಲ್ಲಿಗೆ ಕಡ್ಡಿ ಹಾಕುತ್ತ ಹೊರಗೆ ಬಂದ. "ನಾವು ಫ್ಯಾನು ರಿಪೇರಿ ಮಾಡೋರಮ್ಮ. ಫ್ಯಾನೇ ನಮ್ದಲ್ಲ. ಮೇಘಶಿಖರ ವಿಂಡ್ ಸೆವೆನ್ ಅಂತ ಹಿರಿಯೂರಲ್ಲಿ ಅವ್ರೆ. ಅವರನ್ನ ಕೇಳು."

ಹಿರಿಯೂರಿನಲ್ಲಿ ಒಳಗೆ ಬಿಟ್ಟರು. ಕುರ್ಚಿ ಇತ್ತು, ಕೂತ್ಕೋ ಎನ್ನಲಿಲ್ಲ. ಅವಳು ನಿಂತೇ ಹೇಳಿದಳು. ಅವಳ ಕಂಬಳಿಯಿಂದ ಕುರಿಯ ವಾಸನೆ ಬರುತ್ತಿತ್ತೇನೋ. ಆ ಆಫೀಸರ್ ಮೂಗಿಗೆ ಕರ್ಚೀಫ್ ಹಿಡಿದೇ ಕೇಳಿಸಿಕೊಂಡ. "ಫ್ಯಾನು ನಮ್ಮದೇ. ಆದ್ರೆ ಅಲ್ಲಿ ಕೆಲಸ ಮಾಡೋ ಒಬ್ಬ ಮನುಷ್ಯನೂ ನಮ್ಮೋನಲ್ಲ. ರೋಟವೇಲ್‌ನವರನ್ನ ಕೇಳಬೇಕು, ಇಲ್ಲಾ ಶುಭಹಸ್ತದವರನ್ನ." ಅವಳು ಬಾಗಿಲು ದಾಟುವ ಮೊದಲೇ ಹಿಂದೆ ಬುಸ್ ಎಂದು ಸದ್ದಾಯಿತು. ತಿರುಗಿ ನೋಡಿದಳು. ಆಳೊಬ್ಬ ಅವಳು ನಿಂತಿದ್ದ ಜಾಗಕ್ಕೆ ಸೆಂಟು ಹೊಡೆಯುತ್ತಿದ್ದ.

ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಕೂತು ಪಾಲಮ್ಮ ಅಂದು ಅತ್ತಳು. ಗಂಡ ಸತ್ತಾಗ ಜನ ಇದ್ದರು, ಅವಳ ಅಳುವಿಗೆ ದನಿಗೂಡಿಸಿದರು. ಈಗ ಎದುರಿಗೆ ಬಾಳೆಹಣ್ಣು ಮಾರುವವಳು ಒಮ್ಮೆ ನೋಡಿ ಮುಖ ತಿರುಗಿಸಿದಳು. ಬಸ್ಸುಗಳು ಬಂದವು, ಹೋದವು. ಯಾರಿಗೆ ಹೇಳುವುದು? ಏನೆಂದು ಹೇಳುವುದು? ಮೈಮೇಲೆ ಕೈ ಹಾಕಿ ಹೊಡೆದಿದ್ದರೆ ಹೊಡೆದರು ಎನ್ನಬಹುದಿತ್ತು. ಇವರು ನಮ್ಮದಲ್ಲ ಎಂದರು, ಅಷ್ಟೇ.

ಸ್ವಲ್ಪ ದಿನಕ್ಕೆ ನಾಗರಾಜ್ ಬೈಕಿನಲ್ಲಿ ಹಟ್ಟಿಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಯಲ್ಲಿ ದಪ್ಪನೆಯ ಕವರು, ಟೈಪು ಮಾಡಿದ ಕಾಗದ, ಮಸಿಯ ಪ್ಯಾಡು.

"ಊರೂರು ಯಾಕೆ ಅಲೀತೀಯಮ್ಮ? ಕಂಪನಿಯೋರಿಗೆ ಕರುಳೈತೆ. ಇದನ್ನ ಇಟ್ಕೋ. ಹೆಬ್ಬೆಟ್ಟು ಒತ್ತು, ಮುಗೀತು."

"ಕಾಗದದಾಗೆ ಏನೈತೆ?"

"ಏನಿಲ್ಲ. ನನ್ನ ಗಂಡ ಯಾರಿಗೂ ಹೇಳ್ದೆ ಒಳಗೆ ಹೋಗಿದ್ದ, ಯಾರ ಮೇಲೂ ದೂರಿಲ್ಲ ಅಂತ."

"ಯಾವ ಕಂಪನಿಯೋರಿಗೆ ಕರುಳಿರೋದು?"

"ಯಾವ್ದಾದ್ರೇನಮ್ಮ ನಿಂಗೆ?"

"ಹೆಸ್ರು ಹೇಳಪ್ಪ. ಧಣಿ ಹೆಸ್ರು."

ನಾಗರಾಜನಿಗೆ ತಾಳ್ಮೆ ಕೆಟ್ಟಿತು. ಅವಳ ಕೈ ಹಿಡಿದು ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿದ. ಹುಡುಗರಿಗೆ ಅಕ್ಷರ ತಿದ್ದಿಸುವವನ ಹಾಗೆ ಬೆರಳನ್ನು ಕಾಗದದತ್ತ ಎಳೆದ. ಅಷ್ಟು ದಿನ ಕೈ ಮುಗಿದೇ ಇದ್ದ ಪಾಲಮ್ಮ ಆಗ ಕೈ ಕೊಸರಿಕೊಂಡಳು. ಮಸಿ ಮೆತ್ತಿದ ಹೆಬ್ಬೆರಳನ್ನು ಅವನ ಬಿಳಿ ಅಂಗಿಯ ಎದೆಗೇ ಒತ್ತಿ, ಗಸಕ್ಕನೆ ಎಳೆದಳು.

"ಈಗ ನಿನ್ನ ಅಂಗಿ ಮೇಲೂ ಗುರುತು ಬಿತ್ತು. ಇದನ್ನೂ ಬಿಚ್ಚಿ ಬಚ್ಚಿಡು ಹೋಗು!"

ನಾಗರಾಜ್ ಕೈ ಎತ್ತಿದ. ಸುತ್ತ ಹಟ್ಟಿಯ ಜನ ನೋಡುತ್ತಿದ್ದರು. ಎತ್ತಿದ ಕೈ ಇಳಿಸಿ ಬೈಕು ಹತ್ತಿದ. ಜನ ನೋಡುತ್ತಿದ್ದರು ಎಂದೆನಲ್ಲ, ನೋಡಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಅವರಲ್ಲಿ ಮೂವರ ಮಕ್ಕಳು ಅದೇ ಗುಡ್ಡದ ಮೇಲೆ ನೀಲಿ ಅಂಗಿ ಹಾಕಿಕೊಂಡು ನಿಂತಿದ್ದರು. ಮಾರನೆಯ ದಿನದಿಂದ ನೀರಿಗೆ ಹೋದರೆ ಹೆಂಗಸರು ಪಾಲಮ್ಮನಿಗೆ ದಾರಿ ಬಿಟ್ಟು ನಿಲ್ಲತೊಡಗಿದರು. ಮಾತು ನಿಂತಿತು. ಅವಳ ಜೊತೆ ಈಗ ಕುರಿಗಳು ಬಿಟ್ಟರೆ ಯಾರೂ ಇರಲಿಲ್ಲ.

ಕುರಿ ಇದ್ದವರು ತೋಟದವರಿಗೆ ಬೇಕು. ಭೀಮಸಮುದ್ರದ ಅಡಿಕೆ ವ್ಯಾಪಾರಿ ಮುರುಗಪ್ಪನವರ ತೋಟದಲ್ಲಿ ವರ್ಷವೂ ಪಾಲಮ್ಮ ಮಂದೆ ನಿಲ್ಲಿಸುತ್ತಿದ್ದಳು. ಕೆಲವು ರಾತ್ರಿ ಕುರಿಗಳು ಅಲ್ಲಿ ಮಲಗಿದರೆ ತೋಟಕ್ಕೆ ಗೊಬ್ಬರ, ಅವಳಿಗೆ ರಾಗಿ. ಮುರುಗಪ್ಪ ಕೆಟ್ಟವರೇನಲ್ಲ. ಮಠಕ್ಕೆ ನಡೆದುಕೊಳ್ಳುವವರು, ವಿಭೂತಿ ತಪ್ಪಿಸದವರು. ಅವಳು ಅಂಗಳದಲ್ಲಿ ಕೂತಿದ್ದರೆ ಕಾಫಿ ಅಂಗಳಕ್ಕೇ ಬರುತ್ತಿತ್ತು. ಒಳಗೆ ಕರೆದದ್ದು ಮಾತ್ರ ಇಲ್ಲ.

ಆ ಸಲ ಕಾಫಿ ತಂದವಳು ಸೊಸೆ ದಾಕ್ಷಾಯಿಣಿ. ಕಾಮರ್ಸ್ ಓದಿದವಳು. ಬಿಸಿಲಿಗೆ ಹರವಿದ ಅಡಿಕೆಯ ಪಕ್ಕ ಕೂತಿದ್ದ ಪಾಲಮ್ಮನ ಮುಖ ನೋಡಿ, "ಯಾಕೆ ಪಾಲಮ್ಮ ಹಿಂಗಾಗೀಯ?" ಎಂದು ಕೇಳಿದಳು. ಎಷ್ಟೋ ದಿನದಿಂದ ಯಾರೂ ಕೇಳದ ಮಾತು. ಪಾಲಮ್ಮ ಕಟ್ಟೆ ಒಡೆದಂತೆ ಎಲ್ಲ ಹೇಳಿದಳು. ಚೀಲದಿಂದ ಅಂಗಿ ತೆಗೆದು ತೋರಿಸಿದಳು.

ದಾಕ್ಷಾಯಿಣಿ ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದಳು. ಮೂರೂ ಹೆಸರು ಮತ್ತೊಮ್ಮೆ ಕೇಳಿದಳು. ಸ್ವಲ್ಪ ಹೊತ್ತು ಬೆರಳಾಡಿಸಿದಳು.

"ಪಾಲಮ್ಮ, ಇವು ಮೂರಲ್ಲ. ಮೂರೂ ವಿಶ್ವಾರ್ಕ ಇಂಡಸ್ಟ್ರೀಸ್ ಅಂತ ಒಂದೇ ದೊಡ್ಡ ಕಂಪನಿದು. ಇವಕ್ಕೆ ಅಂಗಸಂಸ್ಥೆ ಅಂತಾರೆ. ದೊಡ್ಡ ಕಂಪನಿ ತನ್ನ ದುಡ್ಡಾಕಿ ಬ್ಯಾರೆ ಬ್ಯಾರೆ ಹೆಸರಲ್ಲಿ ಮಾಡಿದ ಮರಿ ಕಂಪನಿಗಳು. ಇಲ್ನೋಡು, ವರ್ಷದ ವರದಿಯಾಗೆ ಅವ್ರೇ ಹಾಕ್ಯಾರೆ. ಮೇಘಶಿಖರ, ನೂರಕ್ಕೆ ನೂರು ಪಾಲು. ರೋಟವೇಲ್, ನೂರಕ್ಕೆ ನೂರು. ಶುಭಹಸ್ತ, ಅದೂ ಅಷ್ಟೇ. ಇನ್ನೂ ಎಷ್ಟೊಂದವೆ."

"ಇದು ಗುಟ್ಟಾಗಿ ಇಟ್ಟಿದ್ರಾ?"

"ಗುಟ್ಟೇನಿಲ್ಲ. ಯಾರು ಬೇಕಾದ್ರೂ ನೋಡಬೌದು. ಷೇರು ಮಾರೋ ಕಂಪನಿ ಇದನ್ನ ಹೇಳ್ಲೇಬೇಕು. ನಮ್ಮ ಮಾವನೋರಿಗೆ ವರ್ಷ ವರ್ಷ ಬರ್ತೈತೆ, ಅವ್ರ ಹತ್ರಾನೂ ಇದರ ಷೇರು ಅವೆ."

ಪಾಲಮ್ಮನಿಗೆ ಸಿಟ್ಟು ಬಂದದ್ದು ಆಗ. ಬಚ್ಚಿಟ್ಟಿದ್ದರೆ ಕಳ್ಳರು ಎನ್ನಬಹುದಿತ್ತು. ಇವರು ಬಚ್ಚಿಟ್ಟಿರಲಿಲ್ಲ. ಲೋಕಕ್ಕೆಲ್ಲ ಕಾಣುವ ಹಾಗೆ ಹರವಿ ಇಟ್ಟಿದ್ದರು, ಇಗೋ ಇವೆಲ್ಲ ನಮ್ಮವು ಎಂದು ಎದೆ ತಟ್ಟಿ ಹೇಳಿದ್ದರು. ಹೇಳಿದ್ದು ಷೇರು ಕೊಳ್ಳುವವರಿಗೆ. ಹೆಣ ಹೊತ್ತವಳು ಬಂದು ಕೇಳಿದಾಗ ಮಾತ್ರ ಮೂರು ಬಾಗಿಲಲ್ಲಿ ಮೂರು ಜನ ನಿಂತು, ನಮ್ಮದಲ್ಲ ಎಂದರು. ಲಾಭ ಬರೆಯುವಾಗ ಒಂದೇ ಮನೆ, ಸಾವು ಬಂದಾಗ ಮೂರು ಮನೆ. ಒಂದೇ ಮಂದೆಗೆ ಮೂರು ಥರ ಕಿವಿ ಕೊಯ್ದಿದ್ದರು, ಅಷ್ಟೇ!

ಅಷ್ಟರಲ್ಲಿ ಮುರುಗಪ್ಪ ಹೊರಗೆ ಬಂದರು. ಪಾಲಮ್ಮ ಎದ್ದು ನಿಂತಳು.

"ಸಾವ್ಕಾರ್ರೆ, ಆ ಕಂಪನಿಯಾಗೆ ನಿಮ್ಮ ಪಾಲೂ ಐತಂತೆ."

"ಏನೋ ಒಂದಿಷ್ಟು ಷೇರು ಅವೆ. ಯಾಕೆ?"

"ಹಂಗಾದ್ರೆ ಆ ಮಂದೆಯಾಗೆ ನಿಮ್ಮ ಕುರಿ ಅವೆ ಅಂದಂಗಾತು. ನೀವೂ ಧಣಿನೇ. ನಮ್ಮ ಹಟ್ಟಿಗೆ ಬರ್ರಿ ಸಾವ್ಕಾರ್ರೆ. ಕಂಬಳಿ ಹಾಸಿ ಕುಂದ್ರುಸ್ತೀವಿ. ಚಿತ್ತಪ್ಪ ನಮ್ಮಾಳು, ಕಳ್ಳ ಅಲ್ಲ ಅಂತ ಒಂದು ಮಾತು ಹೇಳ್ರಿ. ಬ್ಯಾರೆ ಏನೂ ಬ್ಯಾಡ."

ಮುರುಗಪ್ಪ ಮೊದಲು ನಕ್ಕರು. ಆಮೇಲೆ ಅವಳು ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾಯಿತು.

"ಹುಚ್ಚಿ, ನಾನ್ಯಾವ ಸೀಮೆ ಧಣಿನೇ? ನನ್ನಂಥೋರು ಲಕ್ಷ ಜನ ಅವ್ರೆ. ಎಲ್ಲೋ ಕುಂತೋರು ನಡೆಸ್ತಾರೆ. ನಂಗೇನು ಗೊತ್ತಾಗ್ತೈತೆ ಅಲ್ಲಿ ಯಾರು ಸತ್ರು, ಯಾರು ಹುಟ್ಟಿದ್ರು ಅಂತ?"

"ಲಾಭ ಬಂದಾಗ ತಗಳಲ್ವಾ?"

ದಾಕ್ಷಾಯಿಣಿ ಥಟ್ಟನೆ ತಲೆ ತಗ್ಗಿಸಿದಳು. ಮುರುಗಪ್ಪನವರ ಮುಖ ಕೆಂಪಾಯಿತು. ಅವರು ಸಿಟ್ಟನ್ನು ನುಂಗಿಕೊಂಡು, "ಆತು, ನೋಡಾಣ, ಯಾವತ್ತು ಅಂತ ಹೇಳಿ ಕಳ್ಸು," ಎಂದು ಒಳಗೆ ನಡೆದರು. ದೊಡ್ಡವರು ಇಲ್ಲ ಎನ್ನುವ ರೀತಿ ಇದು. ಪಾಲಮ್ಮ ಅದನ್ನು ಹೂಂ ಎಂದೇ ತಿಳಿದಳು. ಅವಳ ಹಟ್ಟಿಯಲ್ಲಿ ನೋಡಾಣ ಎಂದವರು ಬಂದೇ ನೋಡುತ್ತಿದ್ದರು.

ಕಾಟಲಿಂಗಪ್ಪನ ಕಾಲು ಹಿಡಿದು ಕಟ್ಟೆ ಸೇರಿಸಿದಳು, ಮುರುಗಪ್ಪನವರಿಗೆ ದಿನ ಹೇಳಿ ಕಳಿಸಿದಳು. ಅಮಾವಾಸ್ಯೆಯ ಬೆಳಿಗ್ಗೆ ಗಂಡಸರು ಬಂದು ಕೂತರು. ಪಾಲಮ್ಮ ಮನೆಯಲ್ಲಿದ್ದ ಹೊಸ ಕರಿ ಕಂಬಳಿ ಧಣಿಗೆಂದು ಹಾಸಿದಳು. ಚೊಂಬಿನಲ್ಲಿ ನೀರಿಟ್ಟಳು. ಟಾರು ರಸ್ತೆಯ ತಿರುವಿನಲ್ಲಿ ನಿಂತು ಕಾದಳು. ಒಂದು ಬಸ್ಸು ಬಂತು, ಅಡಿಕೆ ಮೂಟೆಯ ಟ್ರಾಕ್ಟರು ಹೋಯಿತು. ಬಿಸಿಲು ಏರಿತು. ಕೊನೆಗೆ ಮುರುಗಪ್ಪನವರ ಆಳೊಬ್ಬ ಬೈಕಿನಲ್ಲಿ ಬಂದ. ಇಳಿಯಲೂ ಇಲ್ಲ.

"ಸಾವ್ಕಾರ್ರು ಹೇಳಿ ಕಳ್ಸಿದ್ರು. ಇನ್ನು ಮ್ಯಾಲೆ ಮಂದೆ ನಿಲ್ಸಾಕೆ ನೀನು ಬರಾದು ಬ್ಯಾಡಂತೆ. ಬ್ಯಾರೆಯೋರಿಗೆ ಹೇಳ್ಯಾರೆ."

ಕಟ್ಟೆಯಲ್ಲಿ ಕೂತವರು ಒಬ್ಬೊಬ್ಬರಾಗಿ ಎದ್ದರು. ಕಾಟಲಿಂಗಪ್ಪ ಟವೆಲ್ಲು ಕೊಡವಿ, "ಧಣಿ ಇಲ್ದೆ ನ್ಯಾಯ ಇಲ್ಲವ್ವ," ಎಂದ. ದನಿಯಲ್ಲಿ ಕನಿಕರ ಇತ್ತು. ಕನಿಕರ ಎಲ್ಲರಲ್ಲೂ ಇತ್ತು. ಅದರಿಂದ ಒಂದು ಕಲ್ಲೂ ಏಳುವುದಿಲ್ಲ.

ಖಾಲಿ ಕಂಬಳಿಯ ಮುಂದೆ ಪಾಲಮ್ಮ ಕೂತಳು. ಚೊಂಬಿನ ನೀರು ತಾನೇ ಕುಡಿದಳು. ಆಮೇಲೆ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡು, ಮನೆಯಿಂದ ಹಗ್ಗ, ಹಾರೆ, ಅಂಗಿಯ ಚೀಲ ತಗೊಂಡು ಹಳ್ಳಕ್ಕೆ ಇಳಿದಳು.

ಹಳ್ಳದಲ್ಲಿ ಅವಳು ಎಂದೋ ನೋಡಿಟ್ಟಿದ್ದ ಚಪ್ಪಡಿ ಒಂದಿತ್ತು, ಮೊಣಕಾಲುದ್ದದ್ದು. ಚಿತ್ತಪ್ಪ ಅದರ ಮೇಲೆ ಕೂತು ಕುರಿಗೆ ನೀರು ಕುಡಿಸುತ್ತಿದ್ದ. ಕಂಬಳಿ ಹಾಸಿ ಅದನ್ನು ಉರುಳಿಸಿದಳು. ಹಗ್ಗ ಬಿಗಿದಳು. ಹಗ್ಗದ ಕುಣಿಕೆಯನ್ನು ಹೆಗಲಿಗೆ ಹಾಕಿಕೊಂಡು ಎಳೆದಳು. ಹಟ್ಟಿಯ ಕಡೆ ಅಲ್ಲ, ಗುಡ್ಡದ ಕಡೆ.

ಕಲ್ಲು ಅಲುಗಲೊಲ್ಲದು. ಕಾಲು ಊರಿ, ಸೊಂಟ ಬಗ್ಗಿಸಿ, ಉಸಿರು ಹಿಡಿದು ಎಳೆದರೆ ಒಂದು ಮೊಳ. ಹಗ್ಗ ಹೆಗಲು ಕೊಯ್ಯಿತು. ಅವನ ಹುಣ್ಣು ಇದ್ದದ್ದು ಇದೇ ಜಾಗದಲ್ಲಿ ಎಂದು ನೆನಪಾಯಿತು. ಬಂಡೆಗೆ ಉಜ್ಜಿ ಕಂಬಳಿ ಹರಿಯಿತು. ಅಂಗೈ ಸುಲಿಯಿತು. ದಾರಿಯಲ್ಲಿ ದನ ಹೊಡೆದುಕೊಂಡು ಬಂದವರು ನಿಂತು ನೋಡಿ, ಏನೂ ಕೇಳದೆ ಸರಿದು ಹೋದರು. ಅವಳು ಯಾರನ್ನೂ ಕರೆಯಲಿಲ್ಲ. ಕರೆದು ಕರೆದು ಸಾಕಾಗಿತ್ತು.

ಗೇಟಿನಲ್ಲಿ ಬೋರಣ್ಣ ಇದ್ದ. ಅವಳನ್ನು, ಕಲ್ಲನ್ನು ನೋಡಿ ಗಾಬರಿಬಿದ್ದ.

"ಪಾಲಕ್ಕ, ನನ್ನ ಕೆಲ್ಸ ಹೋಗ್ತೈತೆ!"

"ಅವತ್ತು ನೆಲ ನೋಡ್ಕಂಡು ನಿಂತಿದ್ದೆಲ್ಲ ಬೋರಣ್ಣ, ಇವತ್ತೂ ಹಂಗೇ ನಿಂತ್ಕೋ. ಅಷ್ಟು ಸಾಕು."

ಬೋರಣ್ಣನ ಕಣ್ಣು ತುಂಬಿತು. ಗೇಟಿನ ಚಿಲಕ ಸರಿಸಿ ಅತ್ತ ತಿರುಗಿ ನಿಂತ.

ಫ್ಯಾನಿನ ಬುಡದಲ್ಲಿ, ಅವನನ್ನು ಮಲಗಿಸಿದ್ದ ಜಾಗದಲ್ಲೇ ಪಾಲಮ್ಮ ಹಾರೆಯಿಂದ ಗುಂಡಿ ತೋಡಿದಳು. ಕಲ್ಲು ನಿಲ್ಲಿಸಿ, ಸುತ್ತ ಜಲ್ಲಿ ತುಂಬಿ ತುಳಿದಳು. ಚೀಲದಿಂದ ನೀಲಿ ಅಂಗಿ ತೆಗೆದಳು. ಕಲ್ಲಿಗೆ ತೊಡಿಸಿದಳು. ಒಂದೊಂದೇ ಗುಂಡಿ ಹಾಕಿದಳು. ತೋಳುಗಳನ್ನು ಹಿಂದೆ ತಂದು ಬಿಗಿಯಾಗಿ ಗಂಟು ಕಟ್ಟಿದಳು. ಜೇಬಿನ ಮೇಲಿನ ಕೆಂಪು ದಾರದ ಹೆಸರು ಎದುರಿಗೇ ಕಾಣುತ್ತಿತ್ತು. ಆಮೇಲೆ ಹರಿದ ಕಂಬಳಿ ಹಾಸಿ ಪಕ್ಕದಲ್ಲಿ ಕೂತಳು.

ಸುದ್ದಿ ಮುಟ್ಟಿ ಇಳಿಹೊತ್ತಿಗೆ ಮೂರು ಜೀಪು ಬಂದವು. ಹಿರಿಯೂರಿನ ಆಫೀಸರ್ ಇಳಿದ. ದುರ್ಗದ ಹಲ್ಲುಕಡ್ಡಿಯವನು ಇಳಿದ. ನಾಗರಾಜ್ ಇಳಿದ, ಬೇರೆ ಅಂಗಿ ಹಾಕಿದ್ದ.

"ಏಯ್, ಯಾರನ್ನ ಕೇಳಿ ನಿಲ್ಲಿಸಿದೆ ಇದನ್ನ? ಕೀಳು ಮೊದ್ಲು!" ಎಂದು ಹಿರಿಯೂರಿನವನು ಗದರಿದ.

"ಕೀಳ್ತೀನಿ," ಎಂದಳು ಪಾಲಮ್ಮ. ಕೂತಲ್ಲಿಂದ ಏಳಲಿಲ್ಲ. "ನಿಮ್ಮಾಗೆ ಧಣಿ ಯಾರು, ಮುಂದೆ ಬರ್ರಿ. ಈ ಜಾಗ ನಂದು, ಈ ಫ್ಯಾನು ನಂದು, ಈ ಅಂಗಿ ಹಾಕ್ಕಂಡೋನು ನನ್ನಾಳು ಅಂತ ಹೇಳ್ರಿ. ಹೇಳಿದ ಗಳಿಗೆಗೆ ನಾನೇ ಕಿತ್ತು ಬೆನ್ನ ಮ್ಯಾಲೆ ಹೊತ್ಕಂಡು ಹೋಗ್ತೀನಿ."

ಹಿರಿಯೂರಿನವನು ದುರ್ಗದವನನ್ನು ನೋಡಿದ.

"ಸೈಟ್ ನಿಮ್ಮ ಕೈಯಲ್ಲಿದೆಯಲ್ರೀ. ನಿಮ್ಮವರಿಂದ ತೆಗೆಸಿ."

"ನಮ್ಮದು ಬರೀ ಫ್ಯಾನು ರಿಪೇರಿ ಸಾರ್. ನೆಲ ನಿಮ್ಮದು. ನಾವು ಮುಟ್ಟಿದ್ರೆ ನಾಳೆ ಕೇಸು ನಮ್ಮ ಮೇಲೆ ಬರುತ್ತೆ."

"ಅಂಗಿ ಶುಭಹಸ್ತದ್ದು. ಲೇ ನಾಗರಾಜ, ನಿಮ್ಮ ಕಂಪನಿದು, ನೀನೇ ಬಿಚ್ಚೋ," ಎಂದ ಹಿರಿಯೂರಿನವನು.

ನಾಗರಾಜ್ ಒಂದು ಹೆಜ್ಜೆ ಮುಂದೆ ಬಂದ. ಪಾಲಮ್ಮ ಅವನ ಮುಖವನ್ನೇ ನೋಡಿದಳು.

"ಬಿಚ್ಚಪ್ಪ. ಹೋದ ಸಲ ನಾನಿರ್ಲಿಲ್ಲ. ಈ ಸಲ ನೋಡ್ತೀನಿ, ಹೆಂಗೆ ಬಿಚ್ತೀಯ ಅಂತ."

ನಾಗರಾಜನ ಕೈ ಅಂಗಿಯ ಗುಂಡಿಯವರೆಗೆ ಹೋಗಿ ನಿಂತಿತು. ಅವನು ಹಿಂದೆ ಸರಿದು ಜೀಪಿನ ಬದಿಗೆ ಹೋಗಿ ನಿಂತುಬಿಟ್ಟ. ಉಳಿದವರು ಯಾರ್ಯಾರಿಗೋ ಫೋನು ಮಾಡಿದರು. ಇಂಗ್ಲಿಷಿನಲ್ಲಿ ಬೈದಾಡಿಕೊಂಡರು. ಕಲ್ಲು ತೆಗೆಸುವ ಕಾಗದಕ್ಕೆ ಸಹಿ ಹಾಕುವವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಸಹಿ ಹಾಕಿದವನು ಜಾಗ ನನ್ನದು ಎಂದಂತೆ. ಜಾಗ ನನ್ನದು ಎಂದವನು ಹೆಣವೂ ನನ್ನದು ಎನ್ನಬೇಕಾಗುತ್ತಿತ್ತು. ಹೊತ್ತು ಮುಳುಗುವ ಮೊದಲು ಮೂರು ಜೀಪುಗಳೂ ಧೂಳೆಬ್ಬಿಸಿಕೊಂಡು ಇಳಿದು ಹೋದವು.

ಕಲ್ಲು ಅಂಗಿ ತೊಟ್ಟು ನಿಂತೇ ಇತ್ತು.

ಪಾಲಮ್ಮ ಗೆದ್ದೆ ಎಂದುಕೊಳ್ಳಲಿಲ್ಲ. ಕಾಗದದಲ್ಲಿ ಅವನು ಇನ್ನೂ ಕಳ್ಳನೇ. ಹಿರೇರ ಸಾಲಿನಲ್ಲಿ ಅವನ ಜಾಗ ಇನ್ನೂ ಖಾಲಿ. ನಾಳೆಯೂ ಅವಳು ಇಲ್ಲಿಗೆ ಬರಬೇಕು, ನಾಡಿದ್ದೂ ಬರಬೇಕು. ಧಣಿ ಬರುವವರೆಗೂ ಬರಬೇಕು. ಒಬ್ಬಳೇ ಬರಬೇಕು. ಸೊಂಟದಲ್ಲಿ ಸಿಕ್ಕಿಸಿದ್ದ ಪುಟ್ಟ ಶೀಸೆಯ ಹಾಲನ್ನು ಕಲ್ಲಿನ ನೆತ್ತಿಗೆ ಹೊಯ್ದಳು. ಅಂಗಿ ನೆನೆಯಿತು.

ನೆಲದಿಂದ ಒಂದು ಕಲ್ಲು ಎತ್ತಿಕೊಂಡು ಆ ಪೊಳ್ಳು ಕಂಬಕ್ಕೆ ಬಲವಾಗಿ ಬಡಿದಳು. ಠಣ್ ಎಂದು ಸದ್ದು ಗುಡ್ಡ ಇಳಿದು ಹಟ್ಟಿಯವರೆಗೆ ಹೋಯಿತು. ಅಲ್ಲಿ ಅವಳ ಮನೆಯಲ್ಲಿ ಎಸರಿಡುವವರು ಯಾರೂ ಇರಲಿಲ್ಲ. ಅವಳು ಮತ್ತೆ ಬಡಿದಳು.